ರೊಬೊಟಿಕ್ಸ್ ಶಿಬಿರಕ್ಕೆ 18,000 ಕೊಡಬೇಕಾ? ಚಿಂಚೋಳಿಯ ತಂದೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಚಿಂಚೋಳಿ ತಾಲ್ಲೂಕಿನ ಹಳ್ಳಿಯವರು. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ 9ನೇ ತರಗತಿ ಓದುತ್ತಿದ್ದಾಳೆ, ಕನ್ನಡ ಮಾಧ್ಯಮ. ಗಣಿತ, ವಿಜ್ಞಾನದಲ್ಲಿ ಚುರುಕು. ಮನೆಯಲ್ಲಿ ಕೆಟ್ಟ ಟಾರ್ಚ್, ಮಿಕ್ಸರ್ ಏನಿದ್ದರೂ ಬಿಚ್ಚಿಕೊಂಡು ಕೂರುತ್ತಾಳೆ. ಮೊನ್ನೆ ಒಂದು ಸಂಸ್ಥೆಯವರು ಬಂದಿದ್ದರು. ಬೇಸಿಗೆ ರಜೆಯಲ್ಲಿ ಹೈದರಾಬಾದಿನಲ್ಲಿ ಹತ್ತು ದಿನದ ರೊಬೊಟಿಕ್ಸ್ ಮತ್ತು ಎಐ ಶಿಬಿರ ಇದೆ, 18,000 ರೂಪಾಯಿ, ಅದರ ಸರ್ಟಿಫಿಕೇಟ್ ಇದ್ದರೆ ಮುಂದೆ ಐಐಟಿ, ಎಂಜಿನಿಯರಿಂಗ್ ಸೀಟಿಗೆ ಅನುಕೂಲ ಎಂದರು. ಸಾಲ ಮಾಡಿಯಾದರೂ ಕಳಿಸಬೇಕಾ? ನಮ್ಮ ಭಾಗದಲ್ಲೇ ಇಂಥದ್ದು ಏನಾದರೂ ಇದೆಯಾ? ಇಂಗ್ಲಿಷ್ ಅಷ್ಟಾಗಿ ಬಾರದ ಹುಡುಗಿಗೆ ಇದೆಲ್ಲ ಆಗುತ್ತಾ? ಹೊರಗೆ ಕಳಿಸೋದಕ್ಕೆ ಮನೆಯಲ್ಲಿ ಹಿರಿಯರು ಬೇರೆ ಒಪ್ಪುತ್ತಿಲ್ಲ.

ಉತ್ತರ: ಸಾಲ ಮಾಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ಅವರು ನಿಮಗೆ ಹೇಳಿದ ಸೀಟಿನ ಮಾತು ನಿಜವಲ್ಲ.

ಐಐಟಿಯ ಬಿ.ಟೆಕ್ ಸೀಟು ಸಿಗೋದು ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಮೇಲೆ. ನಮ್ಮ ರಾಜ್ಯದ ಕಾಲೇಜುಗಳ ಸಿಇಟಿ ಸೀಟಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಈ ಎರಡು ದಾರಿಯಲ್ಲೂ ಶಿಬಿರದ ಸರ್ಟಿಫಿಕೇಟ್ ಹಚ್ಚುವ ಜಾಗವೇ ಇಲ್ಲ. ಐಐಟಿ ಮದ್ರಾಸ್, ಐಐಟಿ ಕಾನ್ಪುರದಂಥ ಕೆಲವು ಕಡೆ ಈಗ ಒಲಿಂಪಿಯಾಡ್ ಸಾಧನೆ ನೋಡಿ ಕೊಡುವ ಕೆಲವು ಸೀಟುಗಳಿವೆ. ಅದು ರಾಷ್ಟ್ರಮಟ್ಟದ ವಿಜ್ಞಾನ, ಗಣಿತ ಒಲಿಂಪಿಯಾಡ್. ಹತ್ತು ದಿನದ ಶಿಬಿರಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಮಾತು ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಒಳ್ಳೆಯದು. ಅಮೆರಿಕದಲ್ಲಿ ಕಾಲೇಜಿಗೆ ಸೇರಿಸಿಕೊಳ್ಳುವಾಗ ಅಂಕದ ಜೊತೆಗೆ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಏನು ಮಾಡಿದರು ಅನ್ನೋದನ್ನೂ ನೋಡುತ್ತಾರೆ. ಹಾಗಾಗಿ ಅಲ್ಲಿ ಹೈಸ್ಕೂಲ್ ಮಕ್ಕಳಿಗೆ ಎಂಜಿನಿಯರಿಂಗ್ ಬೇಸಿಗೆ ಕಾರ್ಯಕ್ರಮಗಳು ಬಹಳ ಇವೆ. ಅದನ್ನೇ ಇಲ್ಲಿಗೆ ತಂದು, ನಮ್ಮ ಪ್ರವೇಶ ಪದ್ಧತಿಯೂ ಹಾಗೇ ಇದೆ ಅನ್ನೋ ಹಾಗೆ ಮಾರುತ್ತಾರೆ. ಅಲ್ಲೂ ಹೆಸರುವಾಸಿಯಾದ ಕೆಲವು ಪುಕ್ಕಟೆ ಎಂಬುದನ್ನು ಮಾತ್ರ ಹೇಳೋದಿಲ್ಲ. ಎಂಐಟಿ ವಿಶ್ವವಿದ್ಯಾಲಯ 1970ರ ದಶಕದಿಂದ ನಡೆಸಿಕೊಂಡು ಬಂದಿರುವ ಮೈಟ್ಸ್ ಕಾರ್ಯಕ್ರಮಕ್ಕೆ ಆಯ್ಕೆಯಾದ ಮಕ್ಕಳು ಶುಲ್ಕ ಕೊಡೋದಿಲ್ಲ. ನಮ್ಮ ದೇಶದಲ್ಲೂ ಹಾಗೆಯೇ. ನಿಮ್ಮ ಮಗಳ ವಯಸ್ಸಿನವರಿಗೆ ಇರುವ ಅತ್ಯುತ್ತಮ ಕಾರ್ಯಕ್ರಮಗಳು ಬಹುಪಾಲು ಉಚಿತ. ಅವುಗಳ ಪ್ರಚಾರಕ್ಕೆ ಯಾರೂ ಹಳ್ಳಿಗೆ ಬರೋದಿಲ್ಲ, ಅಷ್ಟೇ.

ಇನ್ನು ಶಿಬಿರದಲ್ಲಿ ಕಲಿಕೆಯೇ ಆಗೋದಿಲ್ವಾ? ಸ್ವಲ್ಪ ಆಗುತ್ತದೆ. ಮಕ್ಕಳಿಗೆ ಖುಷಿಯಾಗುತ್ತದೆ, ಅದೂ ಬೇಕು. ಆದರೆ ಇಂಥ ಬಹಳಷ್ಟು ಶಿಬಿರಗಳಲ್ಲಿ ನಡೆಯೋದು ಹೀಗೆ. ಮೊದಲೇ ಜೋಡಿಸಿಟ್ಟ ಕಿಟ್ ಕೊಡುತ್ತಾರೆ. ಕಪ್ಪು ಗೆರೆಯ ಮೇಲೆ ಓಡುವ ಪುಟ್ಟ ಗಾಡಿ. ಗಾಡಿ ಏನು ಮಾಡಬೇಕು ಎಂದು ಹೇಳುವ ಸೂಚನೆಗಳ ಪಟ್ಟಿ, ಅಂದರೆ ಕೋಡ್, ಪೆನ್‌ಡ್ರೈವಿನಲ್ಲಿ ಸಿದ್ಧವಾಗಿರುತ್ತದೆ. ಹಾಕಿದರೆ ಗಾಡಿ ಓಡುತ್ತದೆ, ಫೋಟೊ ತೆಗೆಯುತ್ತಾರೆ, ಕಿಟ್ ವಾಪಸ್ ಪೆಟ್ಟಿಗೆಗೆ ಹೋಗುತ್ತದೆ. ಮಗು ಊರಿಗೆ ಬಂದ ಮೇಲೆ ಕೈಯಲ್ಲಿ ಏನೂ ಇರೋದಿಲ್ಲ. ಗಾಡಿ ಯಾಕೆ ಓಡಿತು ಅನ್ನೋದೂ ಗೊತ್ತಿರೋದಿಲ್ಲ, ಯಾಕೆಂದರೆ ಅದು ಒಂದು ಸಲವೂ ಕೆಟ್ಟು ನಿಲ್ಲಲಿಲ್ಲ.

ನಾನು ಹಲವು ವರ್ಷ ಶಾಲಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಾ ಬಂದಿದ್ದೇನೆ. ಮಕ್ಕಳು ಎಂಜಿನಿಯರಿಂಗ್ ಕಲಿಯೋದು ವಸ್ತು ಕೆಲಸ ಮಾಡದೆ ಹಟ ಹಿಡಿದಾಗ. ಬ್ಯಾಟರಿ ಸರಿ ಇದೆ, ತಂತಿ ಸರಿ ಇದೆ, ಆದರೂ ಎಲ್‌ಇಡಿ ಉರಿಯುತ್ತಿಲ್ಲ ಯಾಕೆ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡು, ಕೊನೆಗೆ ಕಾಲುಗಳು ಅದಲುಬದಲಾಗಿವೆ ಎಂದು ಕಂಡುಹಿಡಿದ ಮಗು ಅದನ್ನು ಯಾವತ್ತೂ ಮರೆಯೋದಿಲ್ಲ. ಅದಕ್ಕೆ ಬೇಕಾದದ್ದು ಮೂರೇ: ಮನೆಯಲ್ಲೇ ಉಳಿಯುವ ಸಾಮಾನು, ವರ್ಷಪೂರ್ತಿ ಬಿಡುವಾದಾಗ ಕೂರೋದಕ್ಕೆ ಒಂದು ಮೂಲೆ, ಸಿಕ್ಕಿಹಾಕಿಕೊಂಡಾಗ ವಾರಕ್ಕೊಮ್ಮೆಯಾದರೂ ಕೇಳೋದಕ್ಕೆ ಒಬ್ಬ ತಿಳಿದವರು. ಹೈದರಾಬಾದಿನವರು ಮತ್ತೆ ಬಂದರೆ ಇಷ್ಟು ಕೇಳಿ: ಕಿಟ್ ನಮ್ಮ ಹುಡುಗಿಗೇ ಕೊಡ್ತೀರಾ? ಕೋಡ್ ಅವಳೇ ಬರೀತಾಳಾ? ಜುಲೈ ತಿಂಗಳಲ್ಲಿ ಅದು ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ಉತ್ತರ ತಡವರಿಸಿದರೆ ವಿಷಯ ಅಲ್ಲಿಗೇ ಮುಗಿಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ, ಏನಿದೆ ಅನ್ನೋದು. ಅವಸರ ಇರುವುದನ್ನು ಮೊದಲು ಹೇಳುತ್ತೇನೆ.

ಇಸ್ರೋದ ಯುವಿಕಾ, ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ, 2019ರಲ್ಲಿ ಶುರುವಾಯಿತು. 9ನೇ ತರಗತಿಯವರಿಗೆ ಮಾತ್ರ. ನಿಮ್ಮ ಮಗಳಿಗೆ ಈ ವರ್ಷ ತಪ್ಪಿದರೆ ಮತ್ತೆ ಅವಕಾಶ ಇಲ್ಲ. ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ಇಸ್ರೋದ ಒಂದು ಕೇಂದ್ರದಲ್ಲಿ ಇಟ್ಟುಕೊಂಡು ಕಲಿಸುತ್ತಾರೆ. ಊಟ, ವಸತಿ, ಪ್ರಯಾಣದ ಖರ್ಚು ಎಲ್ಲ ಇಸ್ರೋದ್ದೇ. ಆಯ್ಕೆಯಲ್ಲಿ ಅರ್ಧದಷ್ಟು ತೂಕ 8ನೇ ತರಗತಿಯ ಅಂಕಗಳಿಗೆ. ಆನ್‌ಲೈನ್ ಕ್ವಿಜ್ ಇರುತ್ತದೆ. ವಿಜ್ಞಾನ ಮೇಳ, ಒಲಿಂಪಿಯಾಡ್, ಕ್ರೀಡೆ, ಸ್ಕೌಟ್-ಗೈಡ್ ಇವಕ್ಕೂ ಅಂಕ ಇದೆ. ನಿಮಗೆ ಮುಖ್ಯವಾದದ್ದು ಇದು: ಗ್ರಾಮ ಪಂಚಾಯತಿ ವ್ಯಾಪ್ತಿಯ ಶಾಲೆಯಲ್ಲಿ ಓದುವವರಿಗೆ ಶೇ. 15ರಷ್ಟು ಅಂಕ ಪ್ರತ್ಯೇಕವಾಗಿ ಸಿಗುತ್ತದೆ. ಪಟ್ಟಣದ ದೊಡ್ಡ ಶಾಲೆಯ ಮಗುವಿಗೆ ಅದು ಸಿಗೋದಿಲ್ಲ. ದೇಶಕ್ಕೆಲ್ಲ ಸೇರಿ ಕೆಲವೇ ನೂರು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಹಾಗಾಗಿ ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ. ಆದರೆ ಅರ್ಜಿಯನ್ನೇ ಹಾಕದಿದ್ದರೆ ಆ ಶೇ. 15 ಯಾರಿಗೂ ಉಪಯೋಗ ಇಲ್ಲದ ಹಾಗೆ ಬಿದ್ದಿರುತ್ತದೆ. ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಸುಮಾರಿಗೆ ಇಸ್ರೋ ಜಾಲತಾಣದಲ್ಲಿ ಅರ್ಜಿ ಕರೆಯುತ್ತಾರೆ. ಈಗಲೇ 8ನೇ ತರಗತಿಯ ಅಂಕಪಟ್ಟಿ, ಇದ್ದಬದ್ದ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

ಎರಡನೆಯದು ಇನ್‌ಸ್ಪೈರ್ ಅವಾರ್ಡ್ಸ್ ಮಾನಕ್. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದ್ದು, ನ್ಯಾಷನಲ್ ಇನ್ನೊವೇಷನ್ ಫೌಂಡೇಷನ್ ಜೊತೆ ಸೇರಿ ನಡೆಸುತ್ತಾರೆ. ಒಂದು ಶಾಲೆಯಿಂದ ಐದು ಮಕ್ಕಳ ಐಡಿಯಾ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡೋದಕ್ಕೆ 10,000 ರೂಪಾಯಿ ನೇರವಾಗಿ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ. ಆಮೇಲೆ ಜಿಲ್ಲಾ ಪ್ರದರ್ಶನ, ರಾಜ್ಯ, ರಾಷ್ಟ್ರಮಟ್ಟ. ಅರ್ಜಿ ಹಾಕೋದು ಮುಖ್ಯ ಶಿಕ್ಷಕರು, ಆನ್‌ಲೈನಿನಲ್ಲಿ. ಅಲ್ಲಿಯೇ ತೊಡಕು. ಕೆಲಸದ ಒತ್ತಡದಲ್ಲಿ ಕೊನೆಯ ದಿನ ಇಂಟರ್ನೆಟ್ಟಿನಿಂದ ಐದು ಐಡಿಯಾ ತೆಗೆದು ತುಂಬಿಬಿಡುತ್ತಾರೆ. ತಾನೇ ಉರಿಯುವ ಬೀದಿದೀಪ, ಲೇಸರ್ ಭದ್ರತೆ, ಮಳೆನೀರು ಕೊಯ್ಲಿನ ಥರ್ಮಾಕೋಲ್ ಮಾದರಿ. ಆಯ್ಕೆ ಮಾಡುವವರು ಇವನ್ನು ಸಾವಿರ ಸಲ ನೋಡಿರುತ್ತಾರೆ. ಅವರಿಗೆ ಬೇಕಾದದ್ದು ಮಗು ತನ್ನ ಕಣ್ಣಾರೆ ಕಂಡ ತೊಂದರೆಗೆ ತಾನೇ ಯೋಚಿಸಿದ ಪರಿಹಾರ. ಮಗಳು 10ನೇ ತರಗತಿಗೆ ಹೋದಾಗಲೂ ಅವಕಾಶ ಇದೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ನೀವೇ ಹೋಗಿ ವಿಜ್ಞಾನದ ಮಾಸ್ತರರ ಹತ್ತಿರ ಮಾತಾಡಿ. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ಈಗಲೇ ತೆರೆಸಿ.

ಮೂರನೆಯದು ಅಟಲ್ ಟಿಂಕರಿಂಗ್ ಲ್ಯಾಬ್. ನೀತಿ ಆಯೋಗದ ಯೋಜನೆ, 2016ರಿಂದ ಇದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ತನಕ ಕೊಡುತ್ತಾರೆ. ಅರ್ಧ ಲ್ಯಾಬ್ ಕಟ್ಟೋದಕ್ಕೆ, ಅರ್ಧ ಐದು ವರ್ಷ ನಡೆಸೋದಕ್ಕೆ. 3ಡಿ ಪ್ರಿಂಟರ್, ದೂರ, ಬಿಸಿ ಇಂಥವನ್ನು ಅಳೆಯುವ ಸೆನ್ಸರ್, ಕೋಡ್ ಹಾಕಿ ನಡೆಸುವ ಆರ್ಡುಯಿನೊ ಎಂಬ ಪುಟ್ಟ ಬೋರ್ಡ್, ಬೆಸುಗೆ ಹಾಕುವ ಸಾಧನ ಎಲ್ಲ ಇರುತ್ತದೆ. 6ರಿಂದ 12ನೇ ತರಗತಿಯವರಿಗೆ. ಮುಂದಿನ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ತಾಲ್ಲೂಕಿನ ಯಾವ ಶಾಲೆಯಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ವಿಚಾರಿಸಿ. ಸುತ್ತಲಿನ ಬೇರೆ ಶಾಲೆಯ ಮಕ್ಕಳಿಗೂ ಲ್ಯಾಬ್ ಉಪಯೋಗವಾಗಬೇಕು ಎಂಬ ಆಶಯ ಯೋಜನೆಯಲ್ಲೇ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೀಗ ಹಾಕಿದ ಲ್ಯಾಬ್‌ಗಳನ್ನು ನೋಡಿ ಹೊಟ್ಟೆ ಉರಿದಿದೆ. ಪ್ಲಾಸ್ಟಿಕ್ ಹಾಳೆಯೂ ಹರಿಯದ 3ಡಿ ಪ್ರಿಂಟರ್, ಪೆಟ್ಟಿಗೆಯಲ್ಲೇ ಮಲಗಿರುವ ಸೆನ್ಸರ್‌ಗಳು. ಮಾಸ್ತರರ ಕಷ್ಟವೂ ಗೊತ್ತು. ಒಂದು ಮೋಟರ್ ಸುಟ್ಟರೆ, ಒಂದು ಬೋರ್ಡ್ ಕಳೆದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಅವರಿಗೆ ಸರಿಯಾದ ತರಬೇತಿಯೂ ಸಿಕ್ಕಿರೋದಿಲ್ಲ. ಆದರೆ ಮಕ್ಕಳು ಮುಟ್ಟಿದರೆ ಸಾಮಾನು ಕೆಡುತ್ತದೆ, ಕೆಡಬೇಕು. ನೂರು ರೂಪಾಯಿಯ ಸೆನ್ಸರ್ ಸುಟ್ಟುಹೋಗುವುದು ಕಲಿಕೆಯ ಖರ್ಚು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಮಾತನ್ನು ಪೋಷಕರೇ ಎತ್ತಬೇಕು. ಕೆಟ್ಟ ಸಾಮಾನಿಗೆ ಶಿಕ್ಷಕರನ್ನು ಹೊಣೆ ಮಾಡಬಾರದು ಎಂದು ಠರಾವು ಬರೆಸಿ. ಬೀಗ ತೆರೆಯೋದು ಅದರಿಂದಲೇ.

ಕಲಬುರಗಿಗೆ ಒಂದು ಸಲ ಕರೆದುಕೊಂಡು ಹೋಗಿ ಜಿಲ್ಲಾ ವಿಜ್ಞಾನ ಕೇಂದ್ರ ತೋರಿಸಿ. 1984ರಿಂದ ಇದೆ, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಡಿಯಲ್ಲಿ ನಡೆಯುತ್ತದೆ. ಸುಮ್ನೆ ನೋಡಿ ಬರಬೇಡಿ. ಶಾಲಾ ಮಕ್ಕಳಿಗೆ ಯಾವ ಯಾವ ತರಬೇತಿ, ಸ್ಪರ್ಧೆ ಇದೆ ಎಂದು ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ತಾಯಿ ಮಗಳು ಇಬ್ಬರೇ ಹೋದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಟಿಕೆಟ್ಟಿಗೆ ದುಡ್ಡೂ ಬೇಕಿಲ್ಲ. ಬೀದರ್ ಕಡೆಯವರು ಇದನ್ನು ಓದುತ್ತಿದ್ದರೆ, ನಿಮಗೆ ಹೈದರಾಬಾದೂ ಬಹಳ ದೂರವಲ್ಲ. ಅಲ್ಲಿ 2023ರಲ್ಲಿ ತೆರೆದ ಟಿ-ವರ್ಕ್ಸ್ ಎಂಬ ದೊಡ್ಡ ಕಾರ್ಯಾಗಾರ ಇದೆ. ವಸ್ತುವಿನ ಮೊದಲ ಮಾದರಿ ಹೇಗೆ ತಯಾರಾಗುತ್ತದೆ ಅನ್ನೋದು ಮಕ್ಕಳಿಗೆ ಕಣ್ಣೆದುರೇ ಕಾಣುವಂಥ ಜಾಗ. ಶಾಲೆಯಿಂದ ಪತ್ರ ಬರೆದು ಭೇಟಿಗೆ ಕೇಳಬಹುದು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಕಾಲೇಜುಗಳಿವೆ. ಕಲಬುರಗಿಯ ಪಿಡಿಎ ಕಾಲೇಜು 1958ರದ್ದು. ಭಾಲ್ಕಿ, ಬೀದರಿನಲ್ಲೂ ಹಳೆಯ ಕಾಲೇಜುಗಳಿವೆ. ಇಂಥ ಕಡೆ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿ ಸಿಕ್ಕರೂ ಸಾಕು. ನಾನು ಮೇಲೆ ಹೇಳಿದ 'ವಾರಕ್ಕೊಮ್ಮೆ ಕೇಳೋದಕ್ಕೆ ತಿಳಿದವರು' ಅಂದರೆ ಅವರೇ. ನಿಮ್ಮ ಊರಿನಿಂದಲೇ ಎಂಜಿನಿಯರಿಂಗ್ ಓದಲು ಹೋದ ಹುಡುಗಿ ಯಾರಾದರೂ ಇರಬಹುದು, ಹುಡುಕಿ.

ಇಷ್ಟೆಲ್ಲ ಅವಕಾಶಕ್ಕೂ ಕೈಯಲ್ಲಿ ಒಂದು ಕೆಲಸ ಬೇಕು. ಏನು ಮಾಡಿಸಬೇಕು ಎಂದು ತುಂಬಾ ಜನ ಕೇಳುತ್ತಾರೆ. ರೊಬೊಟ್ ಬೇಡ. ಮನೆಯ ಮೇಲಿನ ನೀರಿನ ಟ್ಯಾಂಕಿನಿಂದ ಶುರು ಮಾಡಿ ಎನ್ನುತ್ತೇನೆ. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಲಬುರಗಿ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಮೇಲೆ ಹತ್ತದೆ ತಿಳಿಯಬೇಕು. ಅದಕ್ಕೆ ಎಚ್‌ಸಿ-ಎಸ್‌ಆರ್04 ಎಂಬ ಸಣ್ಣ ಸೆನ್ಸರ್ ಸಿಗುತ್ತದೆ, ಸುಮಾರು ನೂರು ರೂಪಾಯಿ. ನೋಡೋದಕ್ಕೆ ಎರಡು ಕಣ್ಣಿನ ಹಾಗಿದೆ. ಒಂದು ಕಣ್ಣು ನಮಗೆ ಕೇಳಿಸದ ಸಣ್ಣ ಶಬ್ದ ಬಿಡುತ್ತದೆ, ಸೆಕೆಂಡಿಗೆ 40,000 ಕಂಪನದ್ದು. ಶಬ್ದ ನೀರಿಗೆ ಬಡಿದು ವಾಪಸ್ ಬರುತ್ತದೆ, ಇನ್ನೊಂದು ಕಣ್ಣು ಅದನ್ನು ಹಿಡಿಯುತ್ತದೆ. ಹೋಗಿಬರಲು ಹಿಡಿದ ಸಮಯ ಗೊತ್ತಾದರೆ ದೂರ ಗೊತ್ತಾಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಬಹುತೇಕ ಕೋಡ್‌ಗಳಲ್ಲಿ ಒಂದು ಸಾಲು ಇರುತ್ತದೆ: ಮೈಕ್ರೊಸೆಕೆಂಡಿನ ಲೆಕ್ಕದ ಸಮಯವನ್ನು 0.034ರಿಂದ ಗುಣಿಸಿ, ಎರಡರಿಂದ ಭಾಗಿಸಿ, ಸೆಂಟಿಮೀಟರ್ ಬರುತ್ತದೆ. ಎಲ್ಲರೂ ಆ ಸಾಲನ್ನು ಹಾಗೇ ನಕಲು ಮಾಡುತ್ತಾರೆ.

ಈ 0.034 ಏನು? ಶಬ್ದದ ವೇಗ. ಸೆಕೆಂಡಿಗೆ 340 ಮೀಟರ್. ಆದರೆ ಗಾಳಿಯಲ್ಲಿ ಶಬ್ದದ ವೇಗ ಬಿಸಿಯ ಮೇಲೆ ನಿಂತಿದೆ. ಸೊನ್ನೆ ಡಿಗ್ರಿಯಲ್ಲಿ ಸುಮಾರು 331 ಮೀಟರ್, ಆಮೇಲೆ ಒಂದೊಂದು ಡಿಗ್ರಿಗೆ 0.6 ಮೀಟರಿನಷ್ಟು ಹೆಚ್ಚು. ಅಂದರೆ 340 ಅನ್ನೋದು 15 ಡಿಗ್ರಿ ಚಳಿಯ ಲೆಕ್ಕ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ. ಆಗ ವೇಗ 356ರ ಆಸುಪಾಸು. ಶಬ್ದ ಬೇಗ ಹೋಗಿ ಬೇಗ ಬರುತ್ತದೆ. ಕೋಡ್‌ಗೆ ಅದು ಗೊತ್ತಿಲ್ಲ, ನೀರು ಹತ್ತಿರ ಇದೆ ಅಂದುಕೊಳ್ಳುತ್ತದೆ. ಒಂದು ಮೀಟರ್ ಕೆಳಗಿರುವ ನೀರು 95 ಸೆಂಟಿಮೀಟರ್ ದೂರದಲ್ಲಿದೆ ಎಂದು ತೋರಿಸುತ್ತದೆ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಇಲ್ಲದ ಮೂರು ಕೊಡ ನೀರು ಇದೆ ಅನ್ನುತ್ತದೆ! ಬಿಸಿಲಿಗೆ ಕಾದ ಕಪ್ಪು ಟ್ಯಾಂಕಿನ ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿ ಇದ್ದರೆ ತಪ್ಪು ಇನ್ನೂ ಜಾಸ್ತಿ.

ಇದನ್ನು ಮಗಳಿಗೆ ಮೊದಲೇ ಹೇಳಬೇಡಿ. ಒಂದು ವಾರ ದಿನಾ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ಆ ನಡುವೆ ನಲ್ಲಿ ತಿರುಗಿಸದೆ, ಪಂಪ್ ಹಾಕದೆ ಅಳತೆ ಬರೆಯೋದಕ್ಕೆ ಹೇಳಿ. ಯಾರೂ ನೀರು ಹಾಕದೆ ಮಧ್ಯಾಹ್ನ ಟ್ಯಾಂಕಿನ ನೀರು ಏರಿದ ಹಾಗೆ ಯಾಕೆ ಕಾಣುತ್ತದೆ ಎಂದು ಅವಳೇ ಬಂದು ಕೇಳಬೇಕು. ಆಗ ಶಬ್ದದ ಅಧ್ಯಾಯ ತೆಗೆಯಿರಿ. 9ನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಮುಚ್ಚಳದ ಒಳಗೆ ಒಂದು ತಾಪಮಾನ ಸೆನ್ಸರ್ ಹಾಕಿ, ಕೋಡ್‌ನಲ್ಲಿ ಒಂದು ಸಾಲು ಸೇರಿಸಿದರೆ ತಪ್ಪು ಸರಿಹೋಗುತ್ತದೆ. ಆಮೇಲೆ ಇನ್ನೊಂದು ತೊಂದರೆ ಬರುತ್ತದೆ. ಟ್ಯಾಂಕಿನ ಹಬೆ ಸೆನ್ಸರ್ ಮೇಲೆ ಹನಿಗಟ್ಟಿ ಅದು ಕೆಲ ದಿನದಲ್ಲಿ ಹುಚ್ಚು ಅಂಕಿ ಕೊಡುತ್ತದೆ. ಆಗ ಒಳಗೆ ನೀರು ಹೋಗದಂಥ ಬೇರೆ ಸೆನ್ಸರ್ ಬೇಕು. ಅದಕ್ಕೆ ತೀರಾ ಹತ್ತಿರದ್ದು, ಸುಮಾರು 20 ಸೆಂಟಿಮೀಟರಿನ ಒಳಗಿನದು, ಕಾಣೋದಿಲ್ಲ. ಹಾಗಾದರೆ ತುಂಬಿದ ಟ್ಯಾಂಕನ್ನು ಹೇಗೆ ಅಳೆಯೋದು? ಹೀಗೆ ಒಂದರ ಬೆನ್ನಿಗೆ ಒಂದು. ಈ ಕೆಲಸದಲ್ಲಿ ಆರು ತಿಂಗಳು ಕಳೆದ ಹುಡುಗಿ ಯಾವ ಪ್ರದರ್ಶನದಲ್ಲಿ ನಿಂತರೂ ತೀರ್ಪುಗಾರರ ಪ್ರಶ್ನೆಗೆ ಉತ್ತರ ಕೊಡುತ್ತಾಳೆ, ಯಾಕೆಂದರೆ ಎಲ್ಲವನ್ನೂ ಸ್ವತಃ ಅನುಭವಿಸಿರುತ್ತಾಳೆ.

ಇಂಥ ಪ್ರಶ್ನೆಗಳು ನಮ್ಮ ಸುತ್ತ ಎಷ್ಟು ಬೇಕಾದರೂ ಇವೆ. ತೊಗರಿ ರಾಶಿ ಮಾಡಿ ಎಪಿಎಂಸಿಗೆ ಒಯ್ದರೆ ತೇವ ಜಾಸ್ತಿ ಎಂದು ದರ ಇಳಿಸುತ್ತಾರೆ. ರೈತನ ಕೈಯಲ್ಲಿ ಅಳೆಯುವ ಸಾಧನ ಇರೋದಿಲ್ಲ. ಎರಡು ಲೋಹದ ಹಾಳೆಗಳ ನಡುವೆ ಕಾಳು ತುಂಬಿದರೆ ಅದು ಒಂದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಸಾಧನ. ವಿದ್ಯುತ್ತನ್ನು ಹಿಡಿದಿಡುವ ಗುಣ ನೀರಿಗೆ ಒಣ ಕಾಳಿಗಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ತೇವ ಏರಿದಂತೆ ಅಂಕಿ ಏರುತ್ತದೆ. ಕಷ್ಟ ಇರೋದು ಅಂಕಿಯನ್ನು ನಿಜವಾದ ತೇವಕ್ಕೆ ಹೊಂದಿಸೋದರಲ್ಲಿ. ಕಾಳು ತೂಗಿ, ಒಣಗಿಸಿ, ಮತ್ತೆ ತೂಗಿ ಪಟ್ಟಿ ಮಾಡಬೇಕು. ಯಾದಗಿರಿ ಕಡೆಯವರಿಗೆ ಕಾಲುವೆ ನೀರು, ಎರೆಮಣ್ಣು. ಎರೆಮಣ್ಣು ಒಣಗಿ ಬಿರುಕು ಬಿಟ್ಟರೆ ಮಣ್ಣಿನ ತೇವದ ಸೆನ್ಸರ್ ಸುತ್ತ ಗಾಳಿ ತುಂಬಿ ಸುಳ್ಳು ಹೇಳುತ್ತದೆ. ಅದನ್ನು ಹೇಗೆ ತಡೆಯೋದು? ಬೀದರಿನ ಮಕ್ಕಳಿಗೆ ಬಹಮನಿ ಕಾಲದ ಕರೇಜ್ ಸುರಂಗ ಕಾಲುವೆ ಇದೆ. ಅದರ ಬಾವಿಗಳ ನೀರಿನ ಮಟ್ಟ, ಉಪ್ಪಿನಂಶ ಮಳೆಗಾಲದ ಮೊದಲು, ಆಮೇಲೆ ಅಳೆದು ನಕ್ಷೆ ಮಾಡಿದರೆ ಅದೇ ಒಂದು ಪಕ್ಕಾ ಎಂಜಿನಿಯರಿಂಗ್ ಕೆಲಸ. ಬಾವಿಯ ಹತ್ತಿರ ದೊಡ್ಡವರು ಇಲ್ಲದೆ ಬಿಡಬೇಡಿ.

ಖರ್ಚು? ಆರ್ಡುಯಿನೊ ಮಾದರಿಯ ಒಂದು ಬೋರ್ಡ್, ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್, ತಂತಿಗಳು, ಒಂದೆರಡು ಸೆನ್ಸರ್, ವೋಲ್ಟ್, ಕರೆಂಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್. ಎಲ್ಲ ಸೇರಿ 1,500 ರೂಪಾಯಿ ಆಸುಪಾಸು ಆಗುತ್ತದೆ. ಮಲ್ಟಿಮೀಟರ್ ಮಾತ್ರ ಬಿಡಬೇಡಿ. ಅದಿಲ್ಲದೆ ದೋಷ ಹುಡುಕೋದು ಬರೀ ಊಹೆ. ಕಂಪ್ಯೂಟರ್ ಶಾಲೆಯದ್ದು ಸಿಕ್ಕರೆ ಸಾಕು. ಸಾಮಾನು ಬರುವ ತನಕ ಟಿಂಕರ್‌ಕ್ಯಾಡ್ ಎಂಬ ಉಚಿತ ಜಾಲತಾಣದಲ್ಲಿ ಸರ್ಕ್ಯೂಟ್ ಜೋಡಿಸಿ ಕೋಡ್ ಓಡಿಸಿ ನೋಡಬಹುದು. ಅಲ್ಲಿ ಏನು ಸುಟ್ಟರೂ ದುಡ್ಡು ಹೋಗೋದಿಲ್ಲ. ಒಂದು ಎಚ್ಚರಿಕೆ: ಮಿಕ್ಸರ್ ಬಿಚ್ಚುವ ಹುಡುಗಿ ಎಂದಿದ್ದೀರಿ. ಗೋಡೆಯ 230 ವೋಲ್ಟ್ ಲೈನಿನ ಮೇಲೆ ಒಬ್ಬಳೇ ಕೆಲಸ ಮಾಡುವಂತಿಲ್ಲ. ಪ್ಲಗ್ ತೆಗೆದರೂ ಕೆಲವು ಉಪಕರಣಗಳ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. 5 ವೋಲ್ಟ್, 9 ವೋಲ್ಟ್ ಬ್ಯಾಟರಿಯ ಕೆಲಸ ಎಷ್ಟು ಬೇಕಾದರೂ ಮಾಡಲಿ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಕೋಡ್‌ನಲ್ಲಿ ದಿನನಿತ್ಯ ಬೇಕಾಗುವ ಇಂಗ್ಲಿಷ್ ಪದಗಳು ಮೂವತ್ತು ನಲವತ್ತು ಇರಬಹುದು. ಇಫ್, ಎಲ್ಸ್, ಲೂಪ್, ಡಿಲೇ. ಅವುಗಳ ಕೆಲಸ ಗೊತ್ತಾದರೆ ಸಾಕು, ಅದನ್ನು ಕನ್ನಡದಲ್ಲಿ ವಿವರಿಸಿದರೆ ಬೇಗ ಅರ್ಥವಾಗುತ್ತದೆ. ಅವಳು ನೋಟ್‌ಬುಕ್ ಇಡಲಿ, ಕನ್ನಡದಲ್ಲೇ ಬರೆಯಲಿ: ಇವತ್ತು ಏನು ಮಾಡಿದೆ, ಏನಾಯಿತು, ಯಾಕೆ ಅನ್ನಿಸುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಜಾಲತಾಣದಲ್ಲಿ ಕಂಪ್ಯೂಟರಿನ ಹಲವು ಪಾಠಗಳು ಕನ್ನಡ ಧ್ವನಿಯಲ್ಲಿ ಉಚಿತವಾಗಿವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ಶಾಲೆಗೆ ತರಿಸೋದಕ್ಕೆ ಹೇಳಿ. ಪಿಯುಸಿ ಹೊತ್ತಿಗೆ ಇಂಗ್ಲಿಷ್ ಬೇಕೇಬೇಕು, ಅದು ನಿಜ. ದಿನಕ್ಕೆ ಒಂದು ಪುಟ ವಿಜ್ಞಾನದ ಇಂಗ್ಲಿಷ್ ಪಠ್ಯವನ್ನು ಕನ್ನಡದ್ದರ ಪಕ್ಕದಲ್ಲಿಟ್ಟು ಓದುತ್ತಾ ಬಂದರೆ ಎರಡು ವರ್ಷ ಸಾಕಾಗುತ್ತದೆ. ಇದರ ಗದ್ದಲದಲ್ಲಿ ಗಣಿತ ಹಿಂದೆ ಬೀಳಬಾರದು. ಬೋರ್ಡ್, ಸೆನ್ಸರ್ ಹಿಡಿದು ಓಡಾಡುವ ಮಕ್ಕಳು ಕೆಲವೊಮ್ಮೆ ಗಣಿತ ಬಿಟ್ಟುಬಿಡುತ್ತಾರೆ. ಆಮೇಲೆ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಅಲ್ಲಿಯೇ ಎಡವುತ್ತಾರೆ.

ಮನೆಯ ಹಿರಿಯರ ವಿಷಯ. ಅವರ ಆತಂಕ ಸಹಜ. ಗುರುತಿಲ್ಲದ ಸಂಸ್ಥೆಯ ಜೊತೆ 14 ವರ್ಷದ ಹುಡುಗಿಯನ್ನು ಹತ್ತು ದಿನ ಬೇರೆ ರಾಜ್ಯಕ್ಕೆ ಕಳಿಸೋದಕ್ಕೆ ನಾನೂ ಒಪ್ಪುತ್ತಿರಲಿಲ್ಲ. ಆದರೆ ಇಸ್ರೋ ಕೇಂದ್ರ ಆಯ್ಕೆ ಮಾಡಿದರೆ ಕಳಿಸಿ. ಅದು ಸರ್ಕಾರಿ ಸಂಸ್ಥೆ, ಹುಡುಗಿಯರಿಗೆ ಬೇರೆ ವಸತಿ ಇರುತ್ತದೆ, ಪೋಷಕರೊಬ್ಬರು ಜೊತೆಗೆ ಹೋಗಿ ಬಿಟ್ಟು ಬರಬಹುದು. ಹಿರಿಯರಿಗೆ ಇನ್ನೂ ಎರಡು ಮಾತು ಹೇಳಿ. ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟು ಇಟ್ಟಿದ್ದಾರೆ, ಒಟ್ಟು ಸೀಟುಗಳಲ್ಲಿ ಶೇ. 20ರಷ್ಟು ಹುಡುಗಿಯರೇ ಇರಲಿ ಎಂದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನದಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವ ಹುಡುಗಿಗೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗೆ ಇರಬೇಕು. ಆಯ್ಕೆ ಅಂಕದ ಮೇಲೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಯೊಂದೇ ದಾರಿ ಅಂದುಕೊಳ್ಳಬೇಡಿ. ಬಿಚ್ಚಿ ಜೋಡಿಸುವ ಕೈ ಇದ್ದವರಿಗೆ ಪಾಲಿಟೆಕ್ನಿಕ್ ಚೆನ್ನಾಗಿ ಒಗ್ಗುತ್ತದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಕಲಬುರಗಿಯಲ್ಲಿ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ, ಅಲ್ಲಿ ಯಂತ್ರದ ಮುಂದೆಯೇ ಕಲಿಸುತ್ತಾರೆ. ಐಐಟಿಯ ಆಸೆ ಇದ್ದರೆ ಮಾತ್ರ ಪಿಯುಸಿ ವಿಜ್ಞಾನವೇ ಸರಿ. ಇದನ್ನು ಅವಳ ಜೊತೆ ಕೂತು ಮಾತಾಡಿ, ಈಗಲೇ ತೀರ್ಮಾನ ಬೇಕಿಲ್ಲ.

ಎರಡರಲ್ಲಿ ಯಾವುದು ಆರಿಸಿಕೊಂಡರೂ, ನಮ್ಮ ಭಾಗಕ್ಕೆ ಸಂವಿಧಾನ ಕೊಟ್ಟ ವಿಶೇಷ ಸೌಲಭ್ಯದ 371(ಜೆ) ಪ್ರಮಾಣಪತ್ರ ಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮ ಭಾಗದವರಿಗೆ ಇದೆ. ಪ್ರವೇಶದ ಗಡಿಬಿಡಿಯಲ್ಲಿ ಓಡಾಡೋದಕ್ಕಿಂತ ಒಂದನೇ ತರಗತಿಯಿಂದ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರಗಳನ್ನು 10ನೇ ತರಗತಿಯಲ್ಲಿರುವಾಗಲೇ ಕೂಡಿಸಿಕೊಳ್ಳಿ. ನಿಮ್ಮ ಚಿಂಚೋಳಿ ತಾಲ್ಲೂಕಿಗೆ ಅದನ್ನು ಕೊಡೋದು ಸೇಡಂನ ಸಹಾಯಕ ಆಯುಕ್ತರ ಕಚೇರಿ.